ಈಥೀರಿಯಂ ಕುಲುಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೈರಿಮ್ ಅನ್ನುವ ವಿಡಿಯೋ ಗೇಮ್ ಆಡುವವರು ಹೆಚ್ಚಾಗಿ ಡ್ರ್ಯಾಗನ್ ಬಗ್ಗೆಯೇ ಮಾತಾಡುತ್ತಾರೆ. ನನಗೆ ಆ ಆಟದಲ್ಲಿ ತುಂಬ ಇಷ್ಟವಾದ ಜಾಗ ಇರುವುದು ನೆಲದ ಕೆಳಗೆ. ಅಲ್ಲಿ ಬೆಂಕಿ ಇನ್ನೂ ಉರಿಯುತ್ತಿದೆ, ಯಂತ್ರಗಳು ಇನ್ನೂ ಕಾವಲು ಕಾಯುತ್ತಿವೆ, ಕೆಲಸ ಮಾಡುತ್ತಿದ್ದ ಜನ ಮಾತ್ರ ಒಬ್ಬರೂ ಇಲ್ಲ.

ನಮ್ಮೂರು ಹೊಸನಗರದ ಕಡೆ. ಆಷಾಢದಲ್ಲಿ ಜೋರು ಮಳೆ ಹಿಡಿದು ಶಾಲೆಗೆ ರಜೆ ಕೊಟ್ಟರೆ ಚಿಕ್ಕಪ್ಪನ ಮಕ್ಕಳು, ಪಕ್ಕದ ಮನೆಯ ಹುಡುಗರು ಎಲ್ಲ ನಮ್ಮ ಮನೆ ಜಗಲಿಯಲ್ಲಿ ಸೇರುತ್ತಾರೆ. ಅಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆಗಳೇ ಇವು. ಕಥೆಯ ಕೊನೆಯವರೆಗೂ ಹೇಳಿದ್ದೇನೆ. ಮೊದಲ ಸಲ ಆಡುವವರು ಬೇಕಾದಷ್ಟನ್ನು ಓದಿಕೊಂಡು ಉಳಿದದ್ದನ್ನು ಬಿಡಿ.

ಈಥೀರಿಯಂ ಕುಲುಮೆ ಅಂದರೆ ಏನು?

ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ಕ್ಕೆ. ಮರುವರ್ಷ, 2012ರಲ್ಲಿ, ಡಾನ್‌ಗಾರ್ಡ್ ಅನ್ನುವ ಹೆಚ್ಚುವರಿ ಭಾಗ ಬಂತು. ಅದರಲ್ಲಿ 'ಲಾಸ್ಟ್ ಟು ದಿ ಏಜಸ್' ಅನ್ನುವ ಕ್ವೆಸ್ಟ್ ಇದೆ, ಅಂದರೆ ಆಟದೊಳಗೆ ನಾವು ಮಾಡಿ ಮುಗಿಸಬೇಕಾದ ಒಂದು ಕೆಲಸ. ಆ ಕ್ವೆಸ್ಟ್ ನಮ್ಮನ್ನು ಕರೆದುಕೊಂಡು ಹೋಗುವ ಕೊನೆಯ ಜಾಗವೇ ಈ ಕುಲುಮೆ.

ಈಥೀರಿಯಂ ಅನ್ನುವುದು ಒಂದು ಹರಳು. ನೀಲಿ ಬಣ್ಣ, ಒಳಗಿನಿಂದಲೇ ಬೆಳಕು ಬರುವ ಹಾಗೆ ಕಾಣುತ್ತದೆ. ಸಾಮಾನ್ಯ ಬೆಂಕಿಗೆ ಅದು ಜಗ್ಗುವುದಿಲ್ಲ. ಅದನ್ನು ಬಗ್ಗಿಸಬೇಕು ಅಂದರೆ ಭೂಮಿಯ ಹೊಟ್ಟೆಯ ಕಾವೇ ಬೇಕು. ಹಾಗಾಗಿ ಕುಲುಮೆಯನ್ನೇ ಲಾವಾ ಇರುವಷ್ಟು ಆಳಕ್ಕೆ ಇಳಿಸಿದ್ದಾರೆ.

ನಮ್ಮ ದೊಡ್ಡಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಒಂದು ದಿನ ನನ್ನ ಹಿಂದೆ ನಿಂತು ಈ ಜಾಗ ನೋಡುತ್ತಿದ್ದರು. ಅವರು ಕೇಳಿದ ಮೊದಲ ಮಾತು, "ಗಾಳಿ ಎಲ್ಲಿಂದ ಊದ್ತಾರೋ ಇಲ್ಲಿ?" ಊರ ಆಚಾರ್ರ ಕುಲುಮೆಗೆ ತಿದಿ ಬೇಕು, ಭದ್ರಾವತಿಯ ಫರ್ನೇಸಿಗೆ ಒಂದು ಕಾಲದಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಬೇಕಿತ್ತು. ಇಲ್ಲಿ ತಿದಿಯೂ ಇಲ್ಲ, ಇದ್ದಿಲೂ ಇಲ್ಲ, ಲಾವಾನೇ ಉರುವಲು. ಹಾಗಂತ ಹೇಳಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತರು.

ಇದು ಆಯುಧ ಕಾರ್ಖಾನೆ ಅಂತಾರೆ, ಹೌದಾ?

ಹೌದು, ಆದರೆ ಸಾಲುಸಾಲಾಗಿ ಕತ್ತಿ ಈಟಿ ಹೊಡೆಯುವ ಕಾರ್ಖಾನೆ ಅಲ್ಲ. ಇಲ್ಲಿ ತಯಾರಾಗುತ್ತಿದ್ದದ್ದು ಕೆಲವೇ ಕೆಲವು ವಸ್ತುಗಳು, ಒಂದೊಂದಕ್ಕೂ ಮಾಯದ ಶಕ್ತಿ. ನಮಗೆ ಮಾಡಲು ಸಿಗುವುದು ಮೂರರಲ್ಲಿ ಒಂದು: ಕಿರೀಟ, ಗುರಾಣಿ, ಅಥವಾ ಮಂತ್ರದ ಕೋಲು. ಇಂಥ ವಸ್ತು ಯಾರ ಕೈಯಲ್ಲಿ ಇದೆಯೋ ಯುದ್ಧದಲ್ಲಿ ಅವರದ್ದೇ ಮೇಲುಗೈ. ಆ ಲೆಕ್ಕದಲ್ಲಿ ಇದು ಆಯುಧದ ಮನೆಯೇ.

ಕಟ್ಟಿದವರು ಯಾರು? ಯಾಕೆ ಬಿಟ್ಟುಹೋದರು?

ಕಟ್ಟಿದವರು ಡ್ವೆಮರ್. ಆಟದ ಜನ ಅವರನ್ನು ಕುಳ್ಳರು ಅಂತ ಕರೆಯುತ್ತಾರೆ, ಆದರೆ ಅವರು ಕುಳ್ಳರಲ್ಲ, ಎಲ್ಫ್ ಕುಲದವರೇ. ನೆಲದ ಕೆಳಗೆ ಊರು ಕಟ್ಟಿದವರು, ಹಬೆಯಿಂದ ಓಡುವ ಯಂತ್ರ ಮಾಡಿದವರು.

ನಾಲ್ಕು ಊರಿನ ಡ್ವೆಮರ್ ಒಂದಾದರು: ಆರ್ಕಂಗ್‌ಥಾಮ್ಜ್, ರಾಲ್ಡ್‌ಬ್ಥಾರ್, ಮ್ಜುಲ್ಫ್ಟ್, ಬ್ಥಾರ್‌ಜೆಲ್. ಹರಳು ಸಿಕ್ಕಿದ್ದು ಆರ್ಕಂಗ್‌ಥಾಮ್ಜ್‌ನ ಆಳದಲ್ಲಿ. ಒಂದು ಊರಿನಿಂದ ಆಗುವ ಕೆಲಸ ಅಲ್ಲ ಅಂತ ನಾಲ್ಕೂ ಊರಿನವರು ಸೇರಿ ಈ ಕುಲುಮೆ ಕಟ್ಟಿದರು. ಕಟ್ಟುವವರೆಗೆ ಚೆನ್ನಾಗಿಯೇ ಇದ್ದರು. ಕುಲುಮೆಯಿಂದ ಮೊದಲ ವಸ್ತುಗಳು ಹೊರಗೆ ಬಂದ ಮೇಲೆ ಅದು ಯಾರಿಗೆ ಸೇರಬೇಕು ಅಂತ ಜಗಳ ಹತ್ತಿತು. ಜಗಳ ಯುದ್ಧವಾಯಿತು. ಯುದ್ಧದಲ್ಲಿ ಯಾರೂ ಗೆಲ್ಲಲಿಲ್ಲ, ಎಲ್ಲರೂ ಸೊರಗಿದರು. ನಾರ್ಡ್ ಜನರ ರಾಜ ಗೆಲ್ಲಿರ್ ದಂಡೆತ್ತಿ ಬಂದಾಗ ಎದುರು ನಿಲ್ಲುವ ಬಲ ಈ ಊರುಗಳಿಗೆ ಇರಲಿಲ್ಲ.

ಕುಲುಮೆಯ ಬಾಗಿಲಿನ ಕೀಲಿ ನಾಲ್ಕು ಚೂರಾಗಿ ಬೇರೆ ಬೇರೆ ಕಡೆ ಬಿದ್ದಿರುವುದನ್ನು ನೋಡಿದರೆ ಈ ಜಗಳ ಕಣ್ಣಿಗೇ ಕಾಣುತ್ತದೆ. ನಾಲ್ಕೂ ಚೂರು ಒಟ್ಟಿಗೆ ಸೇರದೆ ಬಾಗಿಲು ತೆರೆಯುವುದಿಲ್ಲ. ಒಬ್ಬರ ಕೈಯಲ್ಲೇ ಇರಬಾರದು ಅಂತ ಹಂಚಿಕೊಂಡ ಕೀಲಿ ಇದು ಅಂತ ನನ್ನ ಎಣಿಕೆ.

ಇದಾದ ಎಷ್ಟೋ ಕಾಲದ ಮೇಲೆ, ಆಟದ ಲೆಕ್ಕದಲ್ಲಿ ಮೊದಲ ಯುಗದ 700ನೇ ವರ್ಷ, ರೆಡ್ ಮೌಂಟನ್ ಯುದ್ಧದ ಹೊತ್ತಿಗೆ ಇಡೀ ಡ್ವೆಮರ್ ಕುಲವೇ ಒಮ್ಮೆಗೇ ಮಾಯವಾಯಿತು. ಅದು ಬೇರೆಯೇ ಕಥೆ. ಎರಡನ್ನೂ ಕಲಸಿಕೊಳ್ಳಬೇಡಿ. ಕುಲುಮೆ ಮುಚ್ಚಿದ್ದು ಅವರವರ ಜಗಳದಿಂದ, ಮಾಯವಾಗಿ ಅಲ್ಲ.

ನನ್ನ ಹತ್ತಿರ ಇರುವ ಆಟದಲ್ಲಿ ಇದು ಇದೆಯಾ?

2016ರ ಸ್ಪೆಷಲ್ ಎಡಿಷನ್ ಅಥವಾ 2021ರ ಆನಿವರ್ಸರಿ ಎಡಿಷನ್ ಆದರೆ ಇದ್ದೇ ಇದೆ. 2011ರ ಹಳೆ ಆಟ ಆದರೆ ಡಾನ್‌ಗಾರ್ಡ್ ಬೇರೆ ಹಾಕಿಕೊಂಡಿರಬೇಕು. ಡಾನ್‌ಗಾರ್ಡ್‌ನ ಮುಖ್ಯ ಕಥೆಯಾದ ರಕ್ತಪಿಶಾಚಿಗಳ ಕಥೆ ಶುರು ಮಾಡಲೇಬೇಕು ಅಂತೇನೂ ಇಲ್ಲ.

ಕನ್ನಡದಲ್ಲಿ ಇದೆಯಾ?

ಇಲ್ಲ. ಭಾರತದ ಯಾವ ಭಾಷೆಯಲ್ಲೂ ಇಲ್ಲ. ನಾನು ಇಷ್ಟುದ್ದ ಬರೆಯುವುದಕ್ಕೆ ಅದೇ ಮುಖ್ಯ ಕಾರಣ. ಈ ಕ್ವೆಸ್ಟ್‌ನಲ್ಲಿ ಅರ್ಧ ಕಥೆ ಪುಸ್ತಕದಲ್ಲಿ, ಡೈರಿಯಲ್ಲಿ, ಸತ್ತವರ ಜೇಬಿನ ಚೀಟಿಯಲ್ಲಿ ಇದೆ. ಇಂಗ್ಲಿಷ್ ಓದಲು ಬೇಜಾರು ಅಂತ ಹುಡುಗರು ಬಟನ್ ಒತ್ತಿ ಮುಂದೆ ಹೋಗುತ್ತಾರೆ. ಕಥೆ ಅಲ್ಲೇ ಕೈತಪ್ಪುತ್ತದೆ. ನಮ್ಮ ಮನೆಯಲ್ಲಿ ಒಬ್ಬ ಆಡಿದರೆ ಒಬ್ಬ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಬೇಕು. ಆಮೇಲೆ ಅದಲುಬದಲು. ಹೀಗೆ ಆಡಿದರೆ ಚಿಕ್ಕವರೂ ಎದ್ದು ಹೋಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು? ಲೆವೆಲ್ ಎಷ್ಟಿರಬೇಕು?

ಇಂತಿಷ್ಟೇ ಲೆವೆಲ್ ಬೇಕು ಅಂತ ಕಟ್ಟು ಇಲ್ಲ. ಆದರೂ ತೀರಾ ಶುರುವಿನಲ್ಲಿ ಹೋಗಬೇಡಿ, ದೊಡ್ಡ ಯಂತ್ರಗಳು ಒಂದೇ ಏಟಿಗೆ ಕೆಡವುತ್ತವೆ.

ಶುರು ಮಾಡಲು ಮೂರು ದಾರಿ. 'ದಿ ಈಥೀರಿಯಂ ವಾರ್ಸ್' ಅನ್ನುವ ಪುಸ್ತಕ ಆಟದೊಳಗೆ ಸಿಗುತ್ತದೆ, ಅದನ್ನು ಓದಬಹುದು. ಇಲ್ಲವೇ ನೇರ ಆರ್ಕಂಗ್‌ಥಾಮ್ಜ್‌ಗೆ ಹೋಗಬಹುದು. ಅದು ನಕ್ಷೆಯಲ್ಲಿ ಕೆಳಗೆ ಎಡಗಡೆ, ಮಾರ್ಕಾರ್ತ್ ಊರಿನ ಆಗ್ನೇಯಕ್ಕೆ. ಅಥವಾ ತಿರುಗಾಡುವಾಗ ಒಂದು ಚೂರು ಕೈಗೆ ಸಿಕ್ಕರೂ ಸಾಕು. ಪುಸ್ತಕ ಓದಿಯೇ ಹೋಗಿ ಅಂತ ನನ್ನ ಆಸೆ. ಆ ಪುಸ್ತಕದ ಮೇಲೆ ಬರೆದವನ ಹೆಸರು ನೋಡಿಟ್ಟುಕೊಳ್ಳಿ: ಟಾರನ್ ಡ್ರೆತ್. ಮುಂದೆ ಬೇಕಾಗುತ್ತದೆ.

ಆರ್ಕಂಗ್‌ಥಾಮ್ಜ್ ಒಳಗೆ ಹೋದ ತಕ್ಷಣ ಒಂದು ದೆವ್ವ ಮಾತಾಡಿಸಿತು. ಹೊಡೆಯಬೇಕಾ?

ಹೊಡೆಯಬೇಡಿ! ಅವಳು ಕಟ್ರಿಯಾ. ಈ ಕಥೆ ನಿಜವಾಗಿ ಅವಳದ್ದೇ.

ಮೊದಲು ಅವಳು ವಾಪಸ್ ಹೋಗು ಅಂತಾಳೆ. ಅದು ಬೆದರಿಕೆ ಅಲ್ಲ. ಅವಳು ಅಲ್ಲೇ ಬಿದ್ದು ಸತ್ತವಳು, ಇನ್ನೊಬ್ಬರು ಹಾಗೆ ಸಾಯುವುದು ಬೇಡ ಅಂತ ಹೇಳುತ್ತಾಳೆ. ಈಥೀರಿಯಂ ಹರಳಿನ ಬಗ್ಗೆ ವರ್ಷಗಟ್ಟಲೆ ಹುಡುಕಿದವಳು ಅವಳೇ. ಹಳೆ ಬರಹ ಓದಿ, ಊರೂರು ಅಲೆದು, ಇಂಥದ್ದೊಂದು ಕುಲುಮೆ ಇದ್ದೇ ಇದೆ ಅಂತ ಗಟ್ಟಿ ಮಾಡಿಕೊಂಡಿದ್ದಳು. ಅವಳ ಹತ್ತಿರ ಒಬ್ಬ ಶಿಷ್ಯ ಇದ್ದ. ಅವಳು ಬರೆದಿಟ್ಟದ್ದನ್ನೆಲ್ಲ ಕದ್ದು ತನ್ನ ಹೆಸರಿನಲ್ಲಿ ಪುಸ್ತಕ ಮಾಡಿದ. ಅವನೇ ಟಾರನ್ ಡ್ರೆತ್. ತಾನು ಹೇಳಿದ್ದು ನಿಜ ಅಂತ ತೋರಿಸಲು ಇಲ್ಲಿಗೆ ಬಂದಳು, ಇಲ್ಲೇ ಹೋದಳು.

ಪುಸ್ತಕ ಮೊದಲು ಓದಿ ಅಂದಿದ್ದು ಇದಕ್ಕೇ. ಓದುವಾಗ ಬರೆದವನು ಎಂಥ ತಿಳಿದವನು ಅನಿಸುತ್ತದೆ. ಆಮೇಲೆ ಕಟ್ರಿಯಾ ಸಿಕ್ಕಿ ಅದು ಯಾರ ಕೆಲಸ ಅಂತ ಗೊತ್ತಾದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನನ್ನ ತಮ್ಮ ಆ ಪುಸ್ತಕವನ್ನು ಮತ್ತೆ ತೆಗೆದು ಮೊದಲ ಪುಟದಿಂದ ಓದಲು ಶುರು ಮಾಡಿದ್ದ. ಅವನಾಗ ಏಳನೇ ಕ್ಲಾಸು.

ಇನ್ನೊಂದು ಮಾತು. ಅವಳು ನಿಮ್ಮ ಜೊತೆ ಬಂದು ಬಿಲ್ಲು ಹಿಡಿದು ಹೊಡೆದಾಡುತ್ತಾಳೆ. ದಾರಿಯಲ್ಲಿ ನಿಂತು ನಿಂತು ಮಾತಾಡುತ್ತಾಳೆ. ಓಡಿ ಮುಂದೆ ಹೋಗಬೇಡಿ, ಅವಳ ಮಾತು ಮುಗಿಯಲಿ.

ಅವಳ ಬಿಲ್ಲು ಎಲ್ಲಿದೆ? ಡೈರಿ ಎಲ್ಲಿದೆ?

ಬಿಲ್ಲಿನ ಹೆಸರು ಜೆಫಿರ್. ಕಂದಕದ ಮೇಲೆ ಚಾಚಿಕೊಂಡಿರುವ ಒಂದು ಮರದ ದಿಮ್ಮಿಯ ಮೇಲೆ ಸಿಕ್ಕಿಕೊಂಡಿದೆ. ಮಾಮೂಲಿ ಬಿಲ್ಲಿಗಿಂತ 30 ಶೇಕಡ ಬೇಗ ಬಾಣ ಬಿಡುತ್ತದೆ. ಆಟದಲ್ಲಿರುವ ಒಳ್ಳೆಯ ಬಿಲ್ಲುಗಳಲ್ಲಿ ಇದೂ ಒಂದು. ಎಷ್ಟೋ ಜನ ಅದನ್ನು ನೋಡದೆ ಕೆಳಗೆ ಇಳಿದುಬಿಡುತ್ತಾರೆ.

ಡೈರಿ ಕಟ್ರಿಯಾಳ ಹೆಣದ ಹತ್ತಿರ, ನೀರು ಬೀಳುವ ಕಡೆ ಕೆಳಗೆ ಸಿಗುತ್ತದೆ. ಡೈರಿ ತೆಗೆದುಕೊಂಡರೆ ಉಳಿದ ಚೂರುಗಳು ಎಲ್ಲಿವೆ ಅಂತ ನಕ್ಷೆಯಲ್ಲಿ ಗುರುತು ಬರುತ್ತದೆ. ದಿಮ್ಮಿ ಹತ್ತುವ ಮೊದಲು ಸೇವ್ ಮಾಡಿ. ಅಲ್ಲಿ ಕಾಲು ಜಾರುವುದು ಸುಲಭ. ಮಳೆಗಾಲದಲ್ಲಿ ಹಾವಸೆ ಹಿಡಿದ ಕಾಲುಸಂಕ ದಾಟುವಾಗ ಹೆಜ್ಜೆ ಇಡುತ್ತೇವಲ್ಲ, ಹಾಗೇ ಹೋಗಿ, ಸ್ವಲ್ಪ ಸ್ವಲ್ಪವೇ.

ಕುರುಡು ಜೀವಿಗಳು ಮುತ್ತಿಕೊಳ್ಳುತ್ತವೆ. ಏನು ಮಾಡೋದು?

ಅವು ಫಾಲ್ಮರ್. ಕಣ್ಣು ಕಾಣುವುದಿಲ್ಲ, ಕಿವಿ ಚುರುಕು. ಬಗ್ಗಿಕೊಂಡು ನಿಧಾನಕ್ಕೆ ನಡೆದರೆ ಪಕ್ಕದಲ್ಲೇ ದಾಟಿ ಹೋಗಬಹುದು.

ಐದು ರೆಸೊನೇಟರ್ ಇರುವ ಬಾಗಿಲು ತೆಗೆಯುವುದು ಹೇಗೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಆರ್ಕಂಗ್‌ಥಾಮ್ಜ್‌ನ ಕೊನೆಯಲ್ಲಿ ಮುಚ್ಚಿದ ಗೇಟು, ಅದರ ಸುತ್ತ ಐದು ಕಡೆ ಹಿತ್ತಾಳೆ ಬಣ್ಣದ ಸಾಧನಗಳು. ಬಾಣ ಬಿಟ್ಟರೆ ಒಂದೊಂದೂ ಗಂಟೆಯ ಹಾಗೆ ದನಿ ಕೊಡುತ್ತದೆ. ಸರಿಯಾದ ಕ್ರಮದಲ್ಲಿ ಹೊಡೆದರೆ ಬೀಗ ಬಿಡುತ್ತದೆ. ಇದು ಕಬ್ಬಿಣದ ಬೀಗ ಅಲ್ಲ, ಸ್ವರದ ಬೀಗ.

ಗೇಟಿಗೆ ಮುಖ ಮಾಡಿ ನಿಂತುಕೊಳ್ಳಿ. ಕ್ರಮ ಹೀಗೆ: ಕೆಳಗಿನ ಎಡ, ಕೆಳಗಿನ ಬಲ, ಮೇಲಿನ ಎಡ, ಮೇಲಿನ ಬಲ, ಕೊನೆಗೆ ಉಳಿದದ್ದು.

ತಪ್ಪಿದರೆ ಕಾವಲು ಯಂತ್ರಗಳು ಎದ್ದು ಬರುತ್ತವೆ. ಅಲ್ಲೇ ಸುತ್ತ ಬಿದ್ದಿರುವ ಹೆಣಗಳು ನಮಗಿಂತ ಮೊದಲು ಬಂದು ತಪ್ಪು ಕ್ರಮದಲ್ಲಿ ಹೊಡೆದವರದ್ದು. ಅವರ ಹತ್ತಿರ ಇರುವ ಚೀಟಿಗಳನ್ನೂ ಓದಿ.

ಇಯರ್‌ಫೋನ್ ಹಾಕಿಕೊಂಡು ಆಡಿ ಅಂತ ಹೇಳುತ್ತೇನೆ. ನಮ್ಮದು ಹಂಚಿನ ಮನೆ. ಹೊರಗೆ ಮಳೆ, ಮಾಡಿನಿಂದ ನೀರು ಧೋ ಅಂತ ಬೀಳುತ್ತಿರುತ್ತದೆ, ಅದರ ಮಧ್ಯೆ ಈ ದನಿ ಕೇಳುವುದೇ ಇಲ್ಲ. ಮೊದಲ ಸಲ ನಾನು ದನಿ ಕೇಳದೆ, ಸುಮ್ನೆ ನೋಡಿಕೊಂಡು ಹೊಡೆದಿದ್ದೆ. ಎರಡನೇ ಸಲ ರಾತ್ರಿ, ಮಳೆ ನಿಂತ ಮೇಲೆ ಕೂತು ಕೇಳಿದೆ. ಐದನೇ ದನಿ ಆಗಿ ಗೇಟು ಸರಿಯುವಾಗ ಮೈ ಜುಂ ಅಂದಿತು.

ನಾಲ್ಕು ಚೂರು ಎಲ್ಲೆಲ್ಲಿ ಇವೆ?

ಮೊದಲನೆಯದು ಇದೇ ಆರ್ಕಂಗ್‌ಥಾಮ್ಜ್‌ನ ಸ್ವರದ ಬೀಗದ ಹಿಂದೆ.

ಎರಡನೆಯದು ಡೀಪ್ ಫೋಕ್ ಕ್ರಾಸಿಂಗ್‌ನಲ್ಲಿ, ರೀಚ್ ಪ್ರಾಂತ್ಯದ ಉತ್ತರದ ಕಡೆ. ಅದೊಂದು ಹಳೆ ಕಲ್ಲಿನ ಸೇತುವೆ. ಬಯಲಲ್ಲೇ ಇಟ್ಟಿದ್ದಾರೆ, ಹೋಗಿ ಎತ್ತಿಕೊಳ್ಳುವುದಷ್ಟೇ.

ಮೂರನೆಯದು ಮ್ಜುಲ್ಫ್ಟ್‌ನಲ್ಲಿ, ವಿಂಡ್‌ಹೆಲ್ಮ್‌ನಿಂದ ಆಗ್ನೇಯಕ್ಕೆ. ಇಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ದೊಡ್ಡ ಬಾಗಿಲಿಗೆ ಹೋಗಬೇಡಿ, ಅದು ಮಂತ್ರ ಕಾಲೇಜಿನ ಕಥೆಗೆ ಸೇರಿದ್ದು. ಹೊರಗಡೆಯೇ ಡ್ವಾರ್ವನ್ ಸ್ಟೋರ್‌ರೂಮ್ ಅಂತ ಬೇರೆ ಒಂದು ಚಿಕ್ಕ ಬಾಗಿಲಿದೆ. ಚೂರು ಅದರೊಳಗೆ.

ನಾಲ್ಕನೆಯದು ರಾಲ್ಡ್‌ಬ್ಥಾರ್‌ನ ಡೀಪ್ ಮಾರ್ಕೆಟ್ ಅನ್ನುವ ಭಾಗದಲ್ಲಿ. ಇದು ದೊಡ್ಡ ಕೆಲಸ. ಬಾಗಿಲಲ್ಲಿ ದರೋಡೆಕೋರರು, ಒಳಗೆ ಯಂತ್ರಗಳು, ಇನ್ನೂ ಒಳಗೆ ಫಾಲ್ಮರ್. ಒಂದು ಕಡೆ ಗುಂಡಿ ಒತ್ತಿದರೂ ಸೇತುವೆ ಅಲ್ಲಾಡುವುದಿಲ್ಲ. ಹಲ್ಲಿನ ಚಕ್ರಗಳ ಮಧ್ಯೆ ಎಲುಬು, ಚೂರುಪಾರು ಸಿಕ್ಕಿಕೊಂಡಿರುತ್ತವೆ. ಒಂದೊಂದಾಗಿ ತೆಗೆದು ಬಿಡಿಸಿ, ಆಮೇಲೆ ಗುಂಡಿ ಒತ್ತಿ. ಅಡಿಕೆ ಸುಲಿಯುವ ಮೆಷಿನ್‌ಗೆ ಸಿಪ್ಪೆ ಸಿಕ್ಕಿಕೊಂಡಾಗ ಬಿಡಿಸಿದವರಿಗೆ ಇದೇನು ಹೊಸದಲ್ಲ.

ಈ ಚೂರುಗಳನ್ನು ಹುಡುಕುವಾಗ ಕಟ್ರಿಯಾ ಜೊತೆಗೆ ಬರುವುದಿಲ್ಲ. ಕುಲುಮೆ ಇರುವ ಬ್ಥಾಲ್ಫ್ಟ್ ಅನ್ನುವ ಜಾಗದಲ್ಲೇ ಮತ್ತೆ ಸಿಗುತ್ತಾಳೆ.

ಬ್ಥಾಲ್ಫ್ಟ್‌ಗೆ ಬಂದೆ. ಇಲ್ಲಿ ಬರೀ ಪಾಳು ಗೋಡೆ. ಕುಲುಮೆ ಎಲ್ಲಿ?

ನಿಮ್ಮ ಕಾಲ ಕೆಳಗೇ ಇದೆ. ಬ್ಥಾಲ್ಫ್ಟ್ ಇರುವುದು ರಿಫ್ಟ್ ಪ್ರಾಂತ್ಯದಲ್ಲಿ. ಮೇಲೆ ದರೋಡೆಕೋರರು ಬಿಡಾರ ಹೂಡಿರುತ್ತಾರೆ. ಇಷ್ಟು ದೊಡ್ಡ ವಸ್ತುವಿನ ನೆತ್ತಿಯ ಮೇಲೆ ಒಲೆ ಹೂಡಿಕೊಂಡು ಕೂತಿದ್ದಾರೆ, ಕೆಳಗೆ ಏನಿದೆ ಅಂತ ಅವರಿಗೆ ಗೊತ್ತೇ ಇಲ್ಲ.

ಮಧ್ಯದಲ್ಲಿ ಚೂರುಗಳನ್ನು ಕೂರಿಸುವ ಜಾಗ ಇದೆ. ನಾಲ್ಕೂ ಸೇರಿಸಿ ಇಡಿ, ಇಟ್ಟು ಹಿಂದೆ ಸರಿದು ನಿಂತು ನೋಡಿ. ನೆಲ ನಡುಗಿ, ಇಡೀ ಗೋಪುರವೇ ಮಣ್ಣಿನೊಳಗಿಂದ ಮೇಲೆ ಏಳುತ್ತದೆ. ಅದರೊಳಗೆ ಲಿಫ್ಟು. ಎಷ್ಟೋ ಕಾಲ ಯಾರೂ ಮುಟ್ಟದ ಯಂತ್ರ ಒಂದು ಕೀಲಿಗೆ ಎಚ್ಚರವಾಗುವುದು ನೋಡಲು ಎಷ್ಟು ಚೆಂದ ಅಂತ ನೋಡಿಯೇ ತಿಳಿಯಬೇಕು.

ಕೆಳಗೆ ಇಳಿದ ಮೇಲೆ?

ಮುಂದೆ ಮತ್ತೆ ಮುಚ್ಚಿದ ಗೇಟು, ಎರಡು ರೆಸೊನೇಟರ್. ಎರಡಕ್ಕೂ ಬಾಣ ಹೊಡೆಯಿರಿ. ಆಮೇಲೆ ಕುಲುಮೆಯ ಹಜಾರ. ಸುತ್ತ ಲಾವಾ. ಕುಲುಮೆಯ ಹತ್ತಿರ ಹೋಗಲು ಬಿಡದ ಹಾಗೆ ಹಬೆ ಎದ್ದು ಬರುತ್ತಿರುತ್ತದೆ.

ನಮ್ಮ ದೊಡ್ಡಪ್ಪ ಇಲ್ಲಿ ಮತ್ತೆ ಬಾಯಿ ಹಾಕಿದರು. "ಮೊದ್ಲು ಸ್ಟೀಮ್ ನಿಲ್ಸು, ಆಮೇಲೆ ಮುಂದೆ ಹೋಗು." ಆಟದಲ್ಲೂ ಅದೇ ಕೆಲಸ. ಎರಡು ಬದಿಯಲ್ಲಿ ಎರಡು ವಾಲ್ವ್ ಇವೆ, ಎರಡನ್ನೂ ತಿರುಗಿಸಬೇಕು. ತಿರುಗಿಸಿದ ತಕ್ಷಣ ಜೇಡದಂಥ ಯಂತ್ರ, ಉರುಳಿ ಬರುವ ಗುಂಡಿನಂಥ ಯಂತ್ರ ಎರಡೂ ಗೋಡೆಯಿಂದ ಹೊರಗೆ ಬರುತ್ತವೆ. ಒಂದು ವಾಲ್ವ್ ತಿರುಗಿಸಿ, ಬಂದವನ್ನು ಮುಗಿಸಿ, ಉಸಿರು ತೆಗೆದುಕೊಂಡು ಇನ್ನೊಂದಕ್ಕೆ ಹೋಗಿ. ಎರಡನ್ನೂ ಒಟ್ಟಿಗೆ ಮೈಮೇಲೆ ಎಳೆದುಕೊಳ್ಳಬೇಡಿ.

ಫೋರ್ಜ್‌ಮಾಸ್ಟರ್‌ನನ್ನು ಸೋಲಿಸುವುದು ಹೇಗೆ?

ಎರಡು ವಾಲ್ವ್ ಮುಗಿದ ಮೇಲೆ ಏಳುವ ದೊಡ್ಡ ಯಂತ್ರ ಇದು. ಸೆಂಚುರಿಯನ್ ಅನ್ನುವ ಇದೇ ಜಾತಿಯ ಬೇರೆ ಯಂತ್ರಗಳು ಹಬೆ ಉಗುಳುತ್ತವೆ, ಇದು ಬೆಂಕಿ ಉಗುಳುತ್ತದೆ. ಹಾಗಾಗಿ ಬೆಂಕಿ ತಡೆಯುವ ಔಷಧ ಮೊದಲೇ ಕುಡಿಯಿರಿ. ಬಾಣಕ್ಕೆ ವಿಷ ಹಚ್ಚಿ ಉಪಯೋಗ ಇಲ್ಲ, ಯಂತ್ರಕ್ಕೆ ವಿಷ ಹತ್ತುವುದಿಲ್ಲ. ದೂರ ನಿಂತು, ಕಂಬದ ಮರೆ ಹಿಡಿದು ಹೊಡೆಯಿರಿ. ಹಿಂದೆ ಹಿಂದೆ ಸರಿಯುವಾಗ ಲಾವಾ ಎಲ್ಲಿದೆ ಅಂತ ನೆನಪಿರಲಿ. ನನ್ನ ತಮ್ಮ ಫೋರ್ಜ್‌ಮಾಸ್ಟರ್ ಕೈಯಲ್ಲಿ ಸತ್ತದ್ದು ಒಂದು ಸಲ, ಲಾವಾಕ್ಕೆ ಕಾಲಿಟ್ಟು ಸತ್ತದ್ದು ನಾಲ್ಕು ಸಲ.

ಮಧ್ಯದಲ್ಲಿ ಕರೆಂಟ್ ಹೋದರೆ?

ಮಲೆನಾಡಿನಲ್ಲಿ ಆಡುವವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಗಾಳಿಗೆ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಕಂಪ್ಯೂಟರ್‌ನಲ್ಲಿ ಎಫ್ 5 ಒತ್ತಿದರೆ ತಕ್ಷಣ ಸೇವ್ ಆಗುತ್ತದೆ, ಎಫ್ 9 ಒತ್ತಿದರೆ ಅಲ್ಲಿಗೇ ವಾಪಸ್. ಪ್ರತಿ ಬಾಗಿಲಿಗೂ ಒಂದು ಎಫ್ 5. ಕುಲುಮೆ ಮುಟ್ಟುವ ಮೊದಲು ಮಾತ್ರ ಮೆನುಗೆ ಹೋಗಿ ಬೇರೆ ಸೇವ್ ಮಾಡಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮೂರರಲ್ಲಿ ಯಾವುದನ್ನು ಮಾಡಬೇಕು?

ಒಂದೇ ಒಂದು ಮಾಡಬಹುದು. ಚೂರು ಸೇರಿ ಆದ ಈಥೀರಿಯಂ ತುಂಡು ಒಂದೇ ಇರುವುದು. ಬೇರೆ ಸಾಮಾನು ಆ ಕೋಣೆಯಲ್ಲೇ ಸಿಗುತ್ತದೆ, ಒಂದು ಸುತ್ತು ಹುಡುಕಿ. ಕಮ್ಮಾರಿಕೆಯ ವಿದ್ಯೆ ಕಲಿತಿರಬೇಕು ಅಂತಲೂ ಇಲ್ಲ.

ಗುರಾಣಿಯಿಂದ ಎದುರಾಳಿಯನ್ನು ಗುದ್ದಿದರೆ ಅವನು 15 ಸೆಕೆಂಡ್ ನೆರಳಿನ ಹಾಗೆ ಆಗುತ್ತಾನೆ. ಅವನು ನಿಮಗೆ ಹೊಡೆಯಲಾರ, ನೀವೂ ಅವನಿಗೆ ಹೊಡೆಯಲಾರಿರಿ. ನಾಲ್ಕು ಜನ ಒಟ್ಟಿಗೆ ಬಂದಾಗ ಒಬ್ಬನನ್ನು ಪಕ್ಕಕ್ಕೆ ಇಡಲು ಒಳ್ಳೆಯದು.

ಕೋಲು ಬೀಸಿದರೆ ಡ್ವೆಮರ್ ಯಂತ್ರವೊಂದು, ಜೇಡ ಅಥವಾ ಗುಂಡು, ಬಂದು 60 ಸೆಕೆಂಡ್ ನಿಮ್ಮ ಪರ ಹೊಡೆದಾಡುತ್ತದೆ. ನೋಡಲು ಖುಷಿ. ಆದರೆ ಯಾವುದು ಬರುತ್ತದೆ ಅಂತ ನಿಮ್ಮ ಕೈಯಲ್ಲಿಲ್ಲ, ದೊಡ್ಡ ಶತ್ರುವಿನ ಮುಂದೆ ಜಾಸ್ತಿ ಹೊತ್ತು ನಿಲ್ಲುವುದೂ ಇಲ್ಲ.

ನನ್ನ ಆಯ್ಕೆ ಕಿರೀಟ. ಆಟದಲ್ಲಿ 13 ಶಕ್ತಿಕಲ್ಲುಗಳಿವೆ. ಒಂದು ಸಲಕ್ಕೆ ಒಂದೇ ಕಲ್ಲಿನ ಬಲ ಸಿಗುವುದು ನಿಯಮ. ಕಿರೀಟ ಇಟ್ಟುಕೊಂಡು ಇನ್ನೊಂದು ಕಲ್ಲು ಮುಟ್ಟಿದರೆ ಹಳೆಯದು ಕಿರೀಟದಲ್ಲಿ ಉಳಿಯುತ್ತದೆ, ಹೊಸದು ನಿಮಗೆ ಬರುತ್ತದೆ. ಎರಡು ಕಲ್ಲಿನ ಬಲ ಒಟ್ಟಿಗೆ ಸಿಗುವ ದಾರಿ ಇಡೀ ಆಟದಲ್ಲಿ ಇದೊಂದೇ. ಕಿರೀಟ ತೆಗೆದರೆ ಕಿರೀಟದೊಳಗಿನ ಬಲ ಹೋಗುತ್ತದೆ, ಮತ್ತೆ ಇಟ್ಟರೆ ಬರುತ್ತದೆ. ಆಟದ ಕೊನೆಯವರೆಗೂ ಇದು ಹಳತಾಗುವುದಿಲ್ಲ.

ಮೂರನ್ನೂ ನೋಡುವ ಆಸೆ ಇದ್ದರೆ ಆಗ ಮಾಡಿಟ್ಟ ಬೇರೆ ಸೇವ್ ಇದೆಯಲ್ಲ, ಅದರಿಂದ ಒಂದೊಂದನ್ನೂ ಮಾಡಿ ನೋಡಿ, ಕೊನೆಗೆ ಒಂದನ್ನು ಇಟ್ಟುಕೊಳ್ಳಿ.

ಒಂದು ವಿನಂತಿ. ವಸ್ತು ಕೈಗೆ ಬಂದ ಕೂಡಲೇ ಲಿಫ್ಟಿನ ಕಡೆ ಓಡಬೇಡಿ. ಕಟ್ರಿಯಾ ಅಲ್ಲೇ ನಿಂತಿರುತ್ತಾಳೆ, ಮಾತಾಡಿಸಿ. ಅವಳು ಹುಡುಕಿದ ಜಾಗ ಅವಳ ಕಣ್ಣ ಮುಂದೆ ಕೆಲಸ ಮಾಡಿದೆ. ಅದನ್ನು ನೋಡಿಯೇ ಅವಳು ಹೋಗುವುದು.

ಇಂಥ ಮುಚ್ಚಿಹೋದ ಆಯುಧದ ಜಾಗ ನಿಜವಾಗಿ ನಮ್ಮ ಕಡೆ ಇದೆಯಾ ಅಣ್ಣಾ?

ಇದೆ, ಮತ್ತು ನಮ್ಮ ತಾಲೂಕಿನಲ್ಲೇ ಇದೆ. ಹುಡುಗರು ಈ ಪ್ರಶ್ನೆ ಕೇಳಿದ ಮರುವಾರ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎಲ್ಲರನ್ನೂ ಕರೆದುಕೊಂಡು ನಗರದ ಕೋಟೆಗೆ ಹೋದೆ.

ನಗರ ಅಂದರೆ ಹಳೆಯ ಬಿದನೂರು, ಕೆಳದಿ ನಾಯಕರ ಕೊನೆಯ ರಾಜಧಾನಿ. ಶಿವಪ್ಪ ನಾಯಕ ಆಳಿದ ಊರು. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಜನರ ಬಾಯಲ್ಲಿ ಬರೀ 'ನಗರ' ಉಳಿಯಿತು.

2018ರ ಜುಲೈನಲ್ಲಿ ರಾಜ್ಯದ ಪುರಾತತ್ವ ಇಲಾಖೆಯವರು ಇಲ್ಲಿ ಒಂದು ಬತ್ತಿದ ಬಾವಿಯನ್ನು ಅಗೆದರು. 15 ಜನ, ಮೂರು ದಿನದ ಕೆಲಸ. ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಬಂದವು. ಟಿಪ್ಪು ಸುಲ್ತಾನನ ಕಾಲದಲ್ಲಿ ಯುದ್ಧಕ್ಕೆ ಅಂತ ಮಾಡಿದ, ಮದ್ದು ತುಂಬಿದ ಕಬ್ಬಿಣದ ಕೊಳವೆಗಳು. ಉದ್ದ 23ರಿಂದ 26 ಸೆಂಟಿಮೀಟರ್. 2002ರಲ್ಲೂ ಇದೇ ಜಾಗದ ಸುತ್ತ 160ರಷ್ಟು ಸಿಕ್ಕಿದ್ದವು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತು, ಆ ವಾಸನೆ ಹಿಡಿದೇ ಅಗೆಯಲು ಹೊರಟರು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಮಲೆನಾಡಿನ ಮಳೆ ನೀರು ಕುಡಿದ ಮಣ್ಣಿನಲ್ಲಿ ಮದ್ದಿನ ವಾಸನೆ ಉಳಿದಿತ್ತು ಅಂದರೆ ಯೋಚನೆ ಮಾಡಿ.

ಮೈಸೂರಿನ ಈ ರಾಕೆಟ್‌ಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಕಂಗಾಲು ಮಾಡಿದ್ದವು. ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದ್ದರಿಂದ ಒಳಗೆ ಜಾಸ್ತಿ ಒತ್ತಡ ತಡೆಯುತ್ತಿತ್ತು, ಜಾಸ್ತಿ ದೂರ ಹೋಗುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇವನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಇವನ್ನು ನೋಡಿ ತನ್ನ ರಾಕೆಟ್ ಮಾಡಿದ, ಅದಕ್ಕೆ ಅವನ ಹೆಸರೇ ಬಂತು. ಕಬ್ಬಿಣ ಕಾಯಿಸಿ ಕೊಳವೆ ಸುತ್ತಿದ ನಮ್ಮ ಕಮ್ಮಾರರಲ್ಲಿ ಒಬ್ಬರ ಹೆಸರೂ ಆ ರಾಕೆಟ್‌ಗೆ ಬರಲಿಲ್ಲ. ಇದನ್ನು ಹೇಳಿದಾಗ ನನ್ನ ತಮ್ಮ ತಟ್ಟನೆ, "ಟಾರನ್ ಡ್ರೆತ್ ಥರಾನೇ ಅಲ್ವಾ?" ಅಂದ.

ನಗರದಲ್ಲಿ ಸಿಕ್ಕ ರಾಕೆಟ್ ನೋಡಬೇಕಾದರೆ ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆಯ ಮ್ಯೂಸಿಯಂಗೆ ಹೋಗಿ. ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿವೆ, ಮೈಯೆಲ್ಲ ಒರಟು. ಅಂಗೈ ಅಗಲಿಸಿ ಅಳೆದರೆ ಸುಮಾರು ಒಂದು ಗೇಣು ಉದ್ದ.

ಕ್ವೆಸ್ಟ್ ಮುಗಿದ ಮೇಲೆ ದಾರಿಯಲ್ಲಿ ಯಾರೋ ಅಡ್ಡ ಹಾಕಿದ. ಯಾರವನು?

ಅವನೇ ಟಾರನ್ ಡ್ರೆತ್. ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೆ ಎಲ್ಲಿ ಬೇಕಾದರೂ ಸಿಗಬಹುದು. ತಾನು ಕಂಡುಹಿಡಿದದ್ದನ್ನು ನೀವು ಕದ್ದಿರಿ ಅಂತ ಮೈಮೇಲೆ ಬೀಳುತ್ತಾನೆ. ಕಟ್ರಿಯಾಳ ಮಾತು ಕೇಳಿಸಿಕೊಂಡವರಿಗೆ ಅವನ ಜೊತೆ ಏನು ಮಾಡಬೇಕು ಅಂತ ನಾನು ಹೇಳಬೇಕಾಗಿಲ್ಲ.

ಎಲ್ಲ ಮುಗಿದ ಮೇಲೆ ಆರ್ಕಂಗ್‌ಥಾಮ್ಜ್‌ಗೆ ವಾಪಸ್ ಹೋಗಲು ಏನಾದರೂ ಕಾರಣ ಇದೆಯಾ?

ಆಟ ಕೊಡುವ ಕಾರಣ ಯಾವುದೂ ಇಲ್ಲ. ನಾನು ಹೋಗಿದ್ದೆ. ಅವಳು ದೆವ್ವವಾಗಿ ಅಲ್ಲಿ ಇರಲಿಲ್ಲ, ಕೆಳಗೆ ನೀರಿನ ಸದ್ದು ಮಾತ್ರ ಇತ್ತು. ಜೆಫಿರ್ ಬಿಲ್ಲನ್ನು ಚೀಲದಿಂದ ತೆಗೆದು, ಅವಳ ಹೆಣ ಇರುವ ಕಡೆ ಕಲ್ಲಿನ ಮೇಲೆ ಇಟ್ಟೆ. ಮೊದಲ ಸಲ ಇಟ್ಟಾಗ ಬಿಲ್ಲು ಜಾರಿ ಓರೆಯಾಯಿತು. ಎತ್ತಿ, ಅವಳ ಕೈಗೆ ಸಿಗುವ ಹಾಗೆ ನೇರ ಮಾಡಿ ಇಟ್ಟು ಬಂದೆ.